ಕಲ್ಲುಬೆಂಚಿನ ಮೇಲಿನ ಬೂಟು

ನಾನು ದೈಹಿಕ ಶಿಕ್ಷಣದ ಟೀಚರಾಗಿದ್ದೆ. ಕೆಲಸದಲ್ಲಿದ್ದಷ್ಟು ವರ್ಷವೂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿದೆ. ಭಾನುವಾರ ಬೆಳಿಗ್ಗೆ ಅವನ್ನು ತೊಳೆದು, ಬಿಳಿ ಪಾಲಿಶ್ ಬಳಿದು, ಬಿಸಿಲಿಗಿಟ್ಟ ಮೇಲೆಯೇ ನನ್ನ ಚಹಾ. ನಮ್ಮ ಕಡೆಯ ಕರಿಮಣ್ಣಿಗೆ ವಾರದ ನಡುವೆಯೇ ಅವು ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಆದರೂ ಕ್ರಮ ಕ್ರಮವೇ. ಲಿಂಗಸುಗೂರಿನಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಟೋವ್, ಒಂದು ಮಂಚ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಕೇಳುವವರು ಕೇಳುವುದನ್ನು ನಿಲ್ಲಿಸಿದರು, ಅಷ್ಟೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಚಳಿಗಾಲ, ನನಗೆ ಚಿತ್ರಪ್ರದರ್ಶನದ ಡ್ಯೂಟಿ ಬಂತು. ನಮ್ಮ ಭಾಗದ ಕಲಾವಿದರಿಂದ ಸರ್ಕಾರ ಕೊಂಡ ಚಿತ್ರಗಳು ಗುಲ್ಬರ್ಗದಲ್ಲಿ ಇದ್ದವು. ಕೋಣೆಯೊಳಗೆ ಧೂಳು ತಿನ್ನುವುದಕ್ಕಿಂತ ಜನರ ಕಣ್ಣಿಗೆ ಬೀಳಲಿ ಎಂದು, ಕೆಲವನ್ನು ಆಯ್ದು ವ್ಯಾನಿಗೆ ಹೇರಿ ಊರೂರಿಗೆ ಕಳಿಸುತ್ತಿದ್ದರು. ಆ ಸಲ ಸಿಂಧನೂರು, ಲಿಂಗಸುಗೂರು, ಮಸ್ಕಿ. ಶಾಲೆಯ ಮಕ್ಕಳನ್ನು ಒಳಗೆ ಬಿಟ್ಟು ಹೊರಗೆ ಕಳಿಸಲು ಒಬ್ಬರು ಬೇಕಾಗಿತ್ತು.

"ಚಿತ್ರದ ಬಗ್ಗೆ ನನಗ ಏನೂ ತಿಳಿಯಂಗಿಲ್ರೀ," ಎಂದೆ, ಪ್ರದರ್ಶನದ ಅಧಿಕಾರಿಗೆ.

"ಚಿತ್ರ ನಾ ನೋಡಿಕೋತೀನಿ. ನಿಮಗ ಸಾಲು ತಿಳೀತದಲ್ಲ, ಅಷ್ಟು ಸಾಕ್ರೀ," ಎಂದರು ಅವರು.

ಸಾಲು ನನಗೆ ತಿಳಿದಿತ್ತು. ಒಂದು ಚಿತ್ರದ ಮುಂದೆ ಎರಡು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು; ಆಮೇಲೆ ಮುಂದಿನ ಚಿತ್ರ. ಕೈ ಹಿಂದೆ. ಮಾತಿಲ್ಲ.

ಸಿಂಧನೂರಿನಲ್ಲಿ ಮೊದಲ ದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ, ಮಕ್ಕಳ ಸಾಲನ್ನು ನೋಡುವ ಹಾಗೆ ಚಿತ್ರಗಳ ಸಾಲನ್ನೂ ಒಮ್ಮೆ ನೋಡುತ್ತ ಹೋದೆ. ದೇವರಿಲ್ಲ, ದೇಶನಾಯಕರಿಲ್ಲ. ಎಲ್ಲ ಈಗಿನ ಕಾಲದ ಚಿತ್ರಗಳು. ಬಾವಿ ಎಂದು ಬರೆದಿದ್ದ ಕಡೆ ಒಂದು ನೀಲಿ ವೃತ್ತ. ಸಂತೆ ಎಂದು ಬರೆದಿದ್ದ ಕಡೆ ಬರೀ ಚುಕ್ಕೆ. ಹಾಗೆ ನಡೆಯುತ್ತಿದ್ದವಳು ಒಂದರ ಮುಂದೆ ನಿಂತೆ.

ಬೇವಿನ ಗಿಡ, ಅದರ ಕೆಳಗೆ ಕಲ್ಲುಬೆಂಚು. ಬೆಂಚಿನ ಒಂದು ತುದಿಯಲ್ಲಿ ಸೀರೆಯುಟ್ಟ ಒಬ್ಬ ಹೆಂಗಸು. ಅವಳಿಗೆ ಮುಖವಿರಲಿಲ್ಲ, ಮುಖದ ಜಾಗದಲ್ಲಿ ಕಂದು ಬಣ್ಣವನ್ನು ಒರೆಸಿಬಿಟ್ಟಿದ್ದರು. ಅವಳ ಪಕ್ಕ, ಬೆಂಚಿನ ಮೇಲೆಯೇ, ಎರಡು ಬಿಳಿ ಮುದ್ದೆಗಳು. ಕೆಳಗಿನ ಚೀಟಿಯಲ್ಲಿ 'ಮಹಿಳೆ ಮತ್ತು ಹಕ್ಕಿಗಳು' ಎಂದಿತ್ತು.

ಅವು ಹಕ್ಕಿಗಳಲ್ಲ. ನನ್ನ ಬೂಟುಗಳು.

ಎಂಬತ್ತರ ದಶಕದಲ್ಲಿ ನಾನು ಪಾಮನಕಲ್ಲೂರಿನ ಶಾಲೆಯಲ್ಲಿದ್ದೆ. ದಿನಾ ಸಂಜೆ ಮಸ್ಕಿಗೆ ಬಂದು, ಅಲ್ಲಿಂದ ಲಿಂಗಸುಗೂರಿನ ಬಸ್ಸು ಹಿಡಿಯಬೇಕಾಗಿತ್ತು. ಮಸ್ಕಿಯ ಬಸ್ ನಿಲ್ದಾಣದ ಬೇವಿನ ಗಿಡದ ಕೆಳಗೆ ಇಂಥದೇ ಬೆಂಚು. ಇಡೀ ದಿನ ಬೂಟಿನೊಳಗೆ ಬೆಂದ ಕಾಲು ಅಲ್ಲಿ ಹೊರಗೆ ಬರುತ್ತಿತ್ತು. ನೆಲದಲ್ಲಿಟ್ಟರೆ ನಾಯಿ ಎಳೆದುಕೊಂಡು ಹೋಗುತ್ತದೆಂದು ಬೂಟನ್ನು ಪಕ್ಕದಲ್ಲೇ, ಬೆಂಚಿನ ಮೇಲೆ, ಜೋಡಿಸಿ ಇಡುತ್ತಿದ್ದೆ. ಆ ಸೀಮೆಯಲ್ಲಿ ಇನ್ಯಾವ ಹೆಂಗಸೂ ಹಾಗೆ ಮಾಡುತ್ತಿರಲಿಲ್ಲ. ಎದುರಿಗೆ ಚಹಾದಂಗಡಿ ಇತ್ತು. ಅಲ್ಲಿ ಯಾರೋ ಕೂತು ನನ್ನನ್ನು ನೋಡಿದ್ದಾರೆ; ಒಂದು ದಿನ ಅಲ್ಲ, ಚಿತ್ರವಾಗುವಷ್ಟು ದಿನ.

ಇದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಶಾಲೆಯ ಫೋಟೋಗಳಲ್ಲಿ ನಾನು ಯಾವಾಗಲೂ ಸಾಲಿನ ತುದಿಯಲ್ಲಿ, ಮಕ್ಕಳ ಕಡೆ ಮುಖ ಮಾಡಿ ಇರುತ್ತಿದ್ದೆ. ಕೋಣೆಯಲ್ಲಿ ಮಾತಾಡಿಸುವವರಿರಲಿಲ್ಲ. ಜ್ವರ ಬಂದರೆ ಅದು ಹೋದ ಮೇಲೆ ಜನಕ್ಕೆ ತಿಳಿಯುತ್ತಿತ್ತು. ಅಂಥವಳನ್ನು ಒಬ್ಬರು ಕೂತು ನೋಡಿದ್ದರು. ಹೌದು, ಚಿತ್ರದಲ್ಲಿರುವವಳು ಈಕೆಯೇ ಎಂದು ಬೇರೆ ಯಾರಾದರೂ ಒಬ್ಬರು ಹೇಳಬೇಕೆಂಬ ಆಸೆ ಅವತ್ತು ಹುಟ್ಟಿತು. ನಾನಾಗಿ ಹೇಳಬಾರದು. ಅವರಾಗಿ ಹೇಳಬೇಕು.

ಅಂದಿನಿಂದ ಆ ಚಿತ್ರದ ಪಕ್ಕದಲ್ಲೇ ನಿಲ್ಲತೊಡಗಿದೆ.

ಸಿಂಧನೂರು ಕಾಲುವೆ ನೀರಿನ ಊರು. ಸಾಲಗುಂದದ ಕಡೆಯಿಂದ ಸಂತೆಗೆ ಬಂದ ಇಬ್ಬರು ಹೆಂಗಸರು ಬಿಸಿಲು ತಪ್ಪಿಸಿಕೊಳ್ಳಲು ಒಳಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗುಡಿಯೊಳಗೆ ನಡೆಯುವ ಹಾಗೆ ಮೆಲ್ಲಗೆ ನಡೆದರು.

"ಬೆಳ್ಳಕ್ಕಿ ಅದಾವ ನೋಡಬೇ," ಎಂದಳು ಹಿರಿಯಳು.

"ಬೆಳ್ಳಕ್ಕಿ ಎಲ್ಲ್ಯಾರ ಮನಷಾರ ಬಾಜೂ ಕುಂದರ್ತಾವೇನು?"

"ಗದ್ದಿಯಾಗ ನಿನ್ನ ಬೆನ್ನ ಹಿಂದ ಬರಂಗಿಲ್ಲೇನು? ಮಾರಿ ಇಲ್ಲದಾಕಿ ಅಂತ ಅಂಜಿಕಿಲ್ಲದ ಬಂದು ಕುಂತಾವ."

"ಮಾರಿ ಯಾಕ ಬರದಿಲ್ರೀ ಟೀಚರ್?" ಕಿರಿಯಳು ನನ್ನನ್ನು ಕೇಳಿದಳು.

"ಗೊತ್ತಿಲ್ಲವಾ."

"ಸರ್ಕಾರದ್ದು ಅಲ್ಲೇನು," ಎಂದಳು ಹಿರಿಯಳು. "ಅರ್ಧಕ್ಕ ನಿಂತೈತಿ. ಮುಂದಿನ ಬಜೆಟ್ಟಿನ್ಯಾಗ ಮೂಗು ಬರತೈತಿ."

ಇಬ್ಬರೂ ನಕ್ಕರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಬೂಟನ್ನೂ ನೋಡಿದರು. ಆದರೆ ಹಕ್ಕಿ ಎಂದು ಬಗೆದವರಿಗೆ ಅದು ಹಕ್ಕಿಯೇ.

ಲಿಂಗಸುಗೂರಿನಲ್ಲಿ, ಆಗ ನಾನಿದ್ದ ಶಾಲೆಯವರೇ ಬಂದರು. ದಿನಾ ನನ್ನ ಬೂಟು ನೋಡುವ ಸಹೋದ್ಯೋಗಿಗಳು. ಒಬ್ಬರು ಬಿಳಿ ಬಣ್ಣ ಶಾಂತಿಯ ಗುರುತು ಎಂದರು. ಇನ್ನೊಬ್ಬರು ಒಂಟಿ ಹೆಣ್ಣಿಗೆ ಹಕ್ಕಿಗಳೇ ಬಂಧುಗಳು ಎಂದು ದೊಡ್ಡ ದನಿಯಲ್ಲಿ ವಿವರಿಸಿ, "ಹೌದಲ್ರೀ ಟೀಚರ್?" ಎಂದರು. ನಾನು ಸಾಲು ಸರಿಮಾಡಲು ಹೋದೆ.

ಅಲ್ಲಿಯ ಕೊನೆಯ ದಿನ ಅಧಿಕಾರಿಯನ್ನು ಕೇಳಿದೆ. "ಸಾಹೇಬ್ರ, ಇದಕ್ಕ ಹಕ್ಕಿ ಅಂತ ಹೆಸರು ಇಟ್ಟವರು ಯಾರು?"

"ಆಫೀಸ್‌ನ್ಯಾಗ ಇಟ್ಟಾರ್ರೀ. ಕಲಾವಿದರು ಹೆಸರೇ ಕೊಟ್ಟಿದ್ದಿಲ್ಲ. ಯಾಕ?"

"ಸುಮ್ನ ಕೇಳಿದೆ."

"ಅವರನ್ನೇ ಕೇಳಿಬಿಡ್ರಿ. ರಾಯಚೂರಾಗ ಇರ್ತಾರ. ಮಸ್ಕಿಗೆ ಸಮಾರೋಪಕ್ಕ ಬರತೀನಿ ಅಂದಾರ."

ಮಸ್ಕಿಯ ದಿನಗಳಲ್ಲಿ ಚಿತ್ರದ ಪಕ್ಕ ಯಾರು ಏನೆಂದರೂ ನನ್ನ ಕಿವಿಗೆ ಬೀಳಲಿಲ್ಲ. ಸಮಾರೋಪದ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟೆ. ವಾರದ ನಡುವೆ, ಜೀವನದಲ್ಲಿ ಮೊದಲ ಸಲ, ಬೂಟಿಗೆ ಪಾಲಿಶ್ ಬಳಿದೆ.

ಕಲಾವಿದರು ಸಣಕಲು ಮನುಷ್ಯ, ನನ್ನ ವಯಸ್ಸಿನವರು. ಭಾಷಣ ಮುಗಿದು ಜನ ಚಹಾದ ಕಡೆ ಹೋದ ಮೇಲೆ ಅವರೇ ತಮ್ಮ ಚಿತ್ರದ ಹತ್ತಿರ ಬಂದರು. ಚೀಟಿ ಓದಿ ನಕ್ಕರು.

"ಹಕ್ಕಿ ಮಾಡ್ಯಾರೇನು? ಚಲೋ ಆತು."

"ಅವು ಬೂಟು," ಎಂದೆ.

ಅವರು ತಿರುಗಿ ನೋಡಿದರು. "ನಿಮಗೆಂಗ ಗೊತ್ತಾತ್ರೀ? ಇಷ್ಟು ವರ್ಷದಾಗ ಯಾರೂ ಅಂದಿದ್ದಿಲ್ಲ."

"ಎಲ್ಲಿ ನೋಡಿದ್ರಿ ಈಕೀನ್ನ?"

"ಯಾರನ್ನ?"

"ಇಲ್ಲಿ ಕುಂತಾಕೀನ್ನ."

"ಆಕೀನ್ನ ನೋಡೇ ಇಲ್ಲ." ಅವರು ಚಿತ್ರದ ಬಿಳಿ ಮುದ್ದೆಗಳ ಕಡೆ ಬೆರಳು ಮಾಡಿದರು. "ಇದೇ ಊರಾಗ, ಬಸ್‌ಸ್ಟ್ಯಾಂಡಿನ್ಯಾಗ, ಒಂದು ಸಂಜಿಮುಂದ ಬೆಂಚಿನ ಮ್ಯಾಲ ಎರಡು ಬೂಟು ಇದ್ವು. ಯಾರೂ ಇದ್ದಿಲ್ಲ. ಜೋಡಿಸಿ ಇಟ್ಟಿದ್ದು ಅಷ್ಟು ನೆಟ್ಟಗಿತ್ತು ನೋಡ್ರಿ, ಬರಕೊಂಡೆ. ಬಸ್ಸು ಬಂತು, ಹೋದೆ. ಮನ್ಯಾಗ ಬಣ್ಣ ಹಚ್ಚುಮುಂದ ಬೆಂಚು ಬಣಬಣ ಅಂತಿತ್ತು. ಅದಕ್ಕ ಒಬ್ಬಾಕೀನ್ನ ಕುಂದ್ರಿಸಿದೆ. ನೋಡದಾಕಿ ಮಾರಿ ಹೆಂಗ ಬರೀಲಿ?"

ಆ ಹೊತ್ತಿಗೆ ನಾನು ನಳದ ಹತ್ತಿರ ಕಾಲು ತೊಳೆಯುತ್ತಿದ್ದಿರಬೇಕು. ಬೂಟು ಬಿಟ್ಟರೆ ಕಾಲು ತೊಳೆಯುವುದು, ಅದೂ ಕ್ರಮ. ನೋಡಿದ್ದಾರೆ ಎಂದುಕೊಂಡಿದ್ದೆ, ನೋಡಿದವರು ಬೂಟು ನೋಡಿದ್ದರು. ಆದರೂ ಬಾಯಿಂದ ಮಾತು ಹೊರಟಿತು.

"ಅವು ನನ್ನವು."

ಅವರು ನನ್ನ ಕಾಲು ನೋಡಿದರು. ಆಮೇಲೆ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಗಲಿಲ್ಲ.

"ಹಂಗಾದ್ರ ಮಾರಿ ಈಗ ಬರತೈತಲ್ರೀ," ಎಂದರು. "ಆದರ ಇದು ಈಗ ಸರ್ಕಾರದ್ದು. ನಾ ಕುಂಚ ಹಚ್ಚಂಗಿಲ್ಲ."

"ಹೆಸರಾದ್ರೂ ಬದಲಿ ಮಾಡಾಕ ಬರತದೇನು?"

ಅಧಿಕಾರಿ ಹಿಂದಿನಿಂದ ಎಂದರು, "ಮ್ಯಾಲಿಂದ ಆರ್ಡರ್ ಬರಬೇಕ್ರೀ ಟೀಚರ್. ಹಕ್ಕಿ ಅಂತ ಖರೀದಿ ಆಗೈತಿ. ಬೂಟು ಅಂದ್ರ ಹಕ್ಕಿ ಎಲ್ಲಿ ಹೋದ್ವು ಅಂತ ನನ್ನನ್ನ ಕೇಳ್ತಾರ."

ಚಿತ್ರಗಳನ್ನು ಬಟ್ಟೆಯಲ್ಲಿ ಸುತ್ತಿ ವ್ಯಾನಿಗೆ ಏರಿಸಿದರು. ಕಲಾವಿದರಿಗೆ ರಾಯಚೂರಿನ ಬಸ್ಸು, ನನಗೆ ಲಿಂಗಸುಗೂರಿನದು. ನಿಲ್ದಾಣಕ್ಕೆ ಜೊತೆಯಲ್ಲೇ ನಡೆದೆವು. ಆ ಬೆಂಚು ಈಗ ಇರಲಿಲ್ಲ. ಅಲ್ಲಿ ಸಿಮೆಂಟಿನ ಕಟ್ಟೆ ಹಾಕಿದ್ದರು. ಅವರು ಚೀಲದಿಂದ ಹಾಳೆ ತೆಗೆದರು.

"ಕುಂದರ್ರಿ. ಆ ಚಿತ್ರದಾಗ ಆಗಲಿಲ್ಲ, ಹಾಳ್ಯಾಗರ ಆಗಲಿ."

ಕೂತೆ. ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ. ಕಡಲೆಕಾಯಿ ಮಾರುವವನು ಪುಟ್ಟಿ ಹೊತ್ತುಕೊಂಡೇ ಬಂದು ನಿಂತ.

"ಟೀಚರ್, ಉಸಿರಾದ್ರೂ ಬಿಡ್ರೀ. ಪೊಲೀಸ್ ಸ್ಟೇಷನ್ನಿನ್ಯಾಗ ಕುಂತಂಗ ಕುಂತೀರಲ್ಲ."

ಪೆನ್ಸಿಲ್ಲಿನ ಸದ್ದು ಕೇಳುತ್ತಿತ್ತು. ಒಬ್ಬರು ನನ್ನನ್ನು ನೋಡುವುದು, ಹಾಳೆ ನೋಡುವುದು, ಮತ್ತೆ ನನ್ನನ್ನು ನೋಡುವುದು. ಹೀಗೆ ಎಷ್ಟು ಹೊತ್ತಾದರೂ ಕೂರಬಹುದು ಎನ್ನಿಸಿತು. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸು ಬಂತು.

ನಾನು ಎದ್ದು ನಿಂತೆ.

"ಮುಂದಿನ ಬಸ್ಸಿಗೆ ಹೋಗ್ರಲ್ಲ," ಎಂದರು ಅವರು. "ಹಣಿ ಆಗೈತಿ, ಕಿವಿ ಆಗೈತಿ. ಕಣ್ಣು ಇನ್ನೂ ಆಗಬೇಕು."

ಇದ್ದ ಬಸ್ಸನ್ನು ನಾನು ಎಂದೂ ಬಿಟ್ಟವಳಲ್ಲ. ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಕವಾಯತು ಇತ್ತು. ಕಾಲುಗಳು ಆಗಲೇ ಮೆಟ್ಟಿಲ ಕಡೆ ನಡೆದಿದ್ದವು. ಅವರು ಹಾಳೆ ಹರಿದು ಕಿಟಕಿಯಿಂದ ಒಳಗೆ ಕೊಟ್ಟರು. ಬಸ್ಸು ಹೊರಟಿತು.

ಮಡಚಬಾರದೆಂದು ಹಾಳೆಯನ್ನು ತೊಡೆಯ ಮೇಲೆ ಅಗಲವಾಗಿ ಇಟ್ಟುಕೊಂಡೆ. ಬೈತಲೆ, ಹಣೆ, ಒಂದು ಕಿವಿ, ಕಿವಿಯಲ್ಲಿ ಓಲೆ. ಅದರ ಕೆಳಗೆ ಬಿಳಿ ಹಾಳೆ. ಪಕ್ಕದಲ್ಲಿ ಜೋಳದ ಚೀಲ ಹಿಡಿದು ಕೂತಿದ್ದ ಮುದುಕಿ ಇಣುಕಿದಳು.

"ಯಾರದವಾ ಇದು?"

ಹೇಳಬಾರದು ಎಂದುಕೊಂಡೆ. ಹಾಳೆಯನ್ನು ಅವಳ ಕಡೆ ಸರಿಸಿದೆ. ಅವಳು ಹಾಳೆ ನೋಡಿದಳು, ನನ್ನ ಕಡೆ ತಿರುಗಿದಳು, ಒರಟು ಬೆರಳಿನಿಂದ ನನ್ನ ತಲೆಯನ್ನು ಕಿಟಕಿಯ ಕಡೆ ಸ್ವಲ್ಪ ಹೊರಳಿಸಿ ಕಿವಿ ನೋಡಿದಳು.

"ನಿಂದೇ ಐತಿ ಬಿಡು," ಎಂದಳು. "ಓಲಿ ತಿರುಪು ಹಾಳಾಗ್ಯಾವ, ಬದಲಿ ಮಾಡಿಸ್ಕೋ. ಬಿದ್ದು ಹೋಗತಾವ."

ಮುಂದಿನ ಹಳ್ಳಿಯಲ್ಲಿ ಚೀಲ ಹೊತ್ತುಕೊಂಡು ಇಳಿದುಹೋದಳು. ಆಮೇಲೆ ಲಿಂಗಸುಗೂರಿನವರೆಗೆ ಆ ಸೀಟಿಗೆ ಯಾರೂ ಬರಲಿಲ್ಲ.