ಎರಡು ಮಾರು ಪೈಪು

ನಾನು ಶಿಕಾರಿಪುರದವಳು. ಬಾಯಿ ಸ್ವಲ್ಪ ಜೋರು. ನಮ್ಮ ಮನೆಯವರೂ ಹಾಗೇ ಅಂತಾರೆ, ಬಿಇಒ ಆಫೀಸಿನವರೂ ಹಾಗೇ ಅಂತಾರೆ, ಇರಲಿ. ಸೊರಬ ತಾಲ್ಲೂಕಿನಲ್ಲಿ, ಜಡೆ ಕಡೆಯ ಒಂದು ಊರಿನ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಹೋದ ವಾರವೇ ನನಗೆ ತಿಳಿದುಹೋಯಿತು, ಸರ್ಕಾರಿ ಶಾಲೆ ಅಂದರೆ ಒಂದೇ ಸರ್ಕಾರದ್ದಲ್ಲ ಅಂತ. ನನ್ನ ಸಂಬಳ ರಾಜ್ಯದ್ದು. ಬಿಸಿಯೂಟದ ಅಕ್ಕಿ ಕೇಂದ್ರದ್ದು, ಜೊತೆಗೆ ಕೊಡುವ ಮೊಟ್ಟೆ ರಾಜ್ಯದ್ದು. ಹೊಸ ಕೋಣೆ ಜಿಲ್ಲಾ ಪಂಚಾಯಿತಿಯದು, ಕಾಂಪೌಂಡು ಶಾಸಕರ ನಿಧಿಯದು. ಯಾವುದು ಯಾರ ಅನುದಾನ ಅಂತ ಗೋಡೆಗೋಡೆಯ ಮೇಲೂ ಬಣ್ಣದಲ್ಲಿ ಬರೆಸಿದ್ದರು. ಒಂದನೇ ಕ್ಲಾಸಿನ ಮಕ್ಕಳು ಅದನ್ನೇ 'ಅ-ನು-ದಾ-ನ' ಅಂತ ಕೂಡಿಸಿ ಓದಿ ಅಕ್ಷರ ಕಲಿತವು. ನನಗೇನು, ಕಲಿತವಲ್ಲ!

ಎಡವಟ್ಟಾಗಿದ್ದು ಹೆಣ್ಣುಮಕ್ಕಳ ಶೌಚಾಲಯದ ವಿಷಯದಲ್ಲಿ. ಕಟ್ಟಡವನ್ನು ಗ್ರಾಮ ಪಂಚಾಯಿತಿಯವರು ಉದ್ಯೋಗ ಖಾತ್ರಿ ದುಡ್ಡಿನಲ್ಲಿ ಕಟ್ಟಿಸಿದರು. ನೀರಿನ ಟ್ಯಾಂಕನ್ನು ಮನೆಮನೆಗೆ ನಲ್ಲಿ ಹಾಕುವ ಯೋಜನೆಯವರು ಕೂರಿಸಿದರು. ಟ್ಯಾಂಕಿನಿಂದ ಹೊರಟ ಪೈಪು ಶೌಚಾಲಯಕ್ಕೆ ಎರಡು ಮಾರು ದೂರದಲ್ಲಿ ನಿಂತುಬಿಟ್ಟಿತು. ನಮ್ಮ ಅಂದಾಜುಪಟ್ಟಿ ಇಲ್ಲಿಗೇ ಮುಗೀತು ಅಂತ ಟ್ಯಾಂಕಿನವರು, ನಮ್ಮದು ಗೋಡೆಯಿಂದ ಒಳಗಡೆ ಮಾತ್ರ ಅಂತ ಪಂಚಾಯಿತಿಯವರು. ನಡುವಿನ ಎರಡು ಮಾರು ನೆಲ ಯಾವ ಸರ್ಕಾರಕ್ಕೂ ಬೇಡ! ಮೊದಲು ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಪಂಚಾಯಿತಿ ಕಡೆಯ ಎಂಜಿನಿಯರು ಬಂದರು, ಕೆಲಸ ಮುಗಿದಿದ್ದಕ್ಕೆ ಫೋಟೋ ಬೇಕು ಅಂತ. ಪೈಪಿಗೆ ಅಂತ ಅಗೆದಿದ್ದ ಗುಂಡಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನನಗೋ ಅಚ್ಚುಕಟ್ಟಿನ ಹುಚ್ಚು. ಏಳನೇ ಕ್ಲಾಸಿನ ಐದು ಹುಡುಗಿಯರನ್ನು ಕರೆದು, ರಿಬ್ಬನ್ ಸರಿಮಾಡಿಸಿ, ಆ ಗುಂಡಿಯ ಮುಂದೆ ಸಾಲಾಗಿ ನಿಲ್ಲಿಸಿದೆ. "ನಗ್ರೇ, ನಗೋದಕ್ಕೂ ಅನುದಾನ ಬೇಕಾ?" ಅಂದೆ. ಚೆನ್ನಾಗಿ ನಕ್ಕವು. ಫೋಟೋ ಹೋಯಿತು, ಕಾಮಗಾರಿ ಪೂರ್ಣ ಅಂತ ಫೈಲು ಮುಚ್ಚಿತು.

ಮುಂದಿನ ತಿಂಗಳು ಪೈಪು ಕೇಳಲು ಪಂಚಾಯಿತಿಗೆ ಹೋದರೆ ಪಿಡಿಒ ಮೊಬೈಲು ತೆಗೆದು ಅದೇ ಫೋಟೋ ತೋರಿಸಿದರು. "ಮುಗಿದೇ ಹೋಗಿದೆಯಲ್ರೀ ಮೇಡಂ. ಮಕ್ಕಳು ಎಷ್ಟು ಖುಷಿಯಾಗಿದ್ದಾರೆ ನೋಡಿ!" ಸೊರಬದ ತಾಲ್ಲೂಕು ಪಂಚಾಯಿತಿ ಆಫೀಸಿನಲ್ಲಿ, ಮುಗಿದ ಕೆಲಸಕ್ಕೆ ಮತ್ತೆ ದುಡ್ಡು ಹಾಕಿದರೆ ಆಡಿಟ್‌ನವರು ಬಿಡ್ತಾರಾ ಅಂದರು. ಹೋಗಲಿ, ನಾನೇ ಪೈಪು ತಂದು ಹಾಕಿಸ್ತೀನಿ ಅಂದರೆ ಟ್ಯಾಂಕಿನವರು ಕೈ ಮುಗಿದರು. "ಬೇಡಿ ಮೇಡಂ, ಬೇರೆಯವರು ಮುಟ್ಟಿದರೆ ಆಮೇಲೆ ಅದರ ರಿಪೇರಿ ನಮ್ಮದಲ್ಲ." ನನ್ನ ಪಿತ್ತ ನೆತ್ತಿಗೇರಿತು. ಆದರೆ ಯಾರನ್ನು ಬೈಯಲಿ? ಆ ಫೋಟೋ ನನ್ನದೇ ಕೈವಾಡ.

ಅಷ್ಟರಲ್ಲಿ ಫೋಟೋದ ಐವರಲ್ಲಿ ಎಲ್ಲರಿಗಿಂತ ಉದ್ದದ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ಬಿಸಿಯೂಟ ಮುಗಿಸಿ ಮನೆಗೆ ಹೋದವಳು ತಿರುಗಿ ಬರುವುದನ್ನು ಬಿಟ್ಟಳು. ಆಮೇಲೆ ಬೆಳಿಗ್ಗೆಯೂ ಬರಲಿಲ್ಲ. ಗದ್ದೆ ಬದುವಿನ ಮೇಲೆ ನಡೆದು ಅವಳ ಮನೆಗೆ ಹೋದೆ. ಆ ಮನೆಯಲ್ಲಿ ಅಜ್ಜಿಯದೇ ಮಾತು.

"ಬೇಜಾರು ಮಾಡ್ಕೋಬೇಡಿ ಅಕ್ಕೋರೆ," ಅಂದಳು ಅಜ್ಜಿ. "ದೊಡ್ಡವಳಾಗಿದಾಳೆ. ನೀರಿಲ್ದಿರೋ ಕಡೆ ದಿನಪೂರ್ತಿ ಕೂರ್ಸಾಕಾಗಲ್ಲ. ಇನ್ ಶಾಲೆ ಸಾಕು."

ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು, ಕಣ್ಣು ಕೆಂಪಗಿತ್ತು. "ಬುಧವಾರ ಮಕ್ಕಳ ಗ್ರಾಮಸಭೆ ಇದೆ, ಅದೊಂದು ದಿನ ಕಳಿಸಿ ಅಜ್ಜಿ," ಅಂತ ಗೋಗರೆದೆ. ಅಜ್ಜಿ ಹೂಂ ಅಂದಳು.

ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳನ್ನು ಕೂರಿಸಿ ಅವರ ದೂರು ಕೇಳುವ ಸಭೆ ಅದು. ಸಾಮಾನ್ಯವಾಗಿ ನಾವು ಬರೆದುಕೊಟ್ಟಿದ್ದನ್ನು ಮಕ್ಕಳು ಗಿಣಿಪಾಠ ಒಪ್ಪಿಸುತ್ತವೆ. ಅವಳಿಗೂ ನಾನೊಂದು ಚೀಟಿ ಕೊಟ್ಟಿದ್ದೆ. ಅವಳು ಅದನ್ನು ಬಿಚ್ಚಲೇ ಇಲ್ಲ.

"ಸರ್, ನಿಮ್ಮ ಫೋಟೋದಲ್ಲಿ ನಾವು ಐದು ಜನ ಇದೀವಿ. ನಾವು ಪಕ್ಕಕ್ಕೆ ಸರಿದ್ರೆ ಹಿಂದೆ ಪೈಪಿಲ್ಲ, ಬರೀ ಗುಂಡಿ. ಬಂದು ನೋಡಿ."

"ಅಲ್ಲಿ ನಿಮ್ಮನ್ನ ನಿಲ್ಸಿದ್ದು ಯಾರಮ್ಮ?" ಅಂದರು ಪಿಡಿಒ.

ಹುಡುಗಿ ತುಟಿ ಬಿಗಿದು ನೆಲ ನೋಡಿದಳು. ನಾನು ಬಯಲಾಗಬಾರದು ಅಂತ ಅಷ್ಟು ಜನರ ಮುಂದೆ ಸುಮ್ಮನೆ ನಿಂತಿತ್ತು ಆ ಮಗು! ನನಗೆ ತಡೆಯಲಾಗಲಿಲ್ಲ, ಎದ್ದೆ.

"ನಾನೇ ರೀ ನಿಲ್ಸಿದ್ದು. ಚೆಂದ ಕಾಣ್ಲಿ ಅಂತ."

ಸಭೆಗೆ ಸಭೆಯೇ ಗೊಳ್ಳೆಂದಿತು. ಪಂಚಾಯಿತಿ ಅಧ್ಯಕ್ಷೆಯಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಲ್ಲಿ ಒರೆಸಿಕೊಂಡು, "ಯಾವ ಯೋಜನೇನೂ ಬ್ಯಾಡ, ನಮ್ಮ ಮನೆಕಂದಾಯದ ದುಡ್ಡೇ ಹಾಕಿ. ಟ್ಯಾಂಕಿನೋರ ಹತ್ರ ನಾನು ಮಾತಾಡ್ತೀನಿ," ಅಂದರು. ಅಲ್ಲೇ ಠರಾವು ಬರೆಸಿದರು. ದೆಹಲಿ, ಬೆಂಗಳೂರು, ಶಿವಮೊಗ್ಗ ಎಲ್ಲ ದಾಟಿ ಬಂದ ದುಡ್ಡು ಮುಟ್ಟದ ಎರಡು ಮಾರು ಜಾಗಕ್ಕೆ ಊರವರು ಕಟ್ಟಿದ ಕಂದಾಯ ಮುಟ್ಟಿತು.

ನೀರು ಬಂದ ಮೂರನೇ ದಿನ ಮೊಮ್ಮಗಳ ಹಿಂದೆಯೇ ಅಜ್ಜಿಯೂ ಬಂದಳು, ಪರೀಕ್ಷೆ ಮಾಡಲು. ಹುಡುಗಿ ಕ್ಲಾಸಿಗೆ ಹೋದಳು. ಅಜ್ಜಿ ನೆಟ್ಟಗೆ ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿ ತೆಗೆದು, ನಲ್ಲಿ ತಿರುವಿ, ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ನಾನೂ ಇದೇ ಶಾಲೇಲಿ ಆರರ ತನಕ ಓದಿದೋಳು ಅಕ್ಕೋರೆ," ಅಂದಳು. "ಲೆಕ್ಕದಾಗೆ ನಾನೇ ಮುಂದಿದ್ದೆ. ನನ್ನ ಬಿಡ್ಸಿದ್ದೂ ಇದಕ್ಕೇಯ."

ಆಮೇಲೆ ಏಳನೇ ಕ್ಲಾಸಿನ ಕಿಟಕಿಯ ಹತ್ತಿರ ಹೋಗಿ, ಪಾಠ ನಡೆಯುತ್ತಿದೆ ಅನ್ನುವುದನ್ನೂ ಲೆಕ್ಕಿಸದೆ, "ಏ ಹುಡುಗೀ, ಸಂಜೆ ಗಂಟೆ ಹೊಡೆಯೋ ತನಕ ಎದ್ದು ಬರಬ್ಯಾಡ," ಅಂತ ಕೂಗಿ ಹೇಳಿ ಮನೆಗೆ ಹೊರಟಳು.