ನಾಲ್ಕನೆಯ ಮೆಟ್ಟಿಲಿನ ಬಳೆಗಳು

1957 ಜನವರಿ 4, ಶುಕ್ರವಾರ, ಬೆಳಿಗ್ಗೆ ಆರೂವರೆ. ಊರ ಹೊರಗಿನ ತಾಯಿಬಾವಿಗೆ ನಾನು ಮೊದಲ ಸಲ ಇಳಿದದ್ದು ಆಗ. ನಿಜಾಮರ ಕಾಲದ ಫಸಲಿ ತಿಂಗಳುಗಳನ್ನು ಬಿಟ್ಟು ಇಂಗ್ಲಿಷ್ ತಾರೀಖು ಹಾಕಲು ಶುರುಮಾಡಿದ್ದ ನನ್ನ ದಿನಚರಿಯಲ್ಲಿ ಅಂದು ಒಂದೇ ಸಾಲು ಇದೆ: ‘ಮೆಟ್ಟಿಲು ಮೂವತ್ತೊಂದು.’ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಶಹಾಪುರದಿಂದ ಸಗರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಬಾವಿ ಸುರಪುರದ ನಾಯಕರ ಕಾಲದ್ದು ಎನ್ನುತ್ತಾರೆ. ತಳದಲ್ಲಿ, ನೀರಿನ ಅಂಚಿಗೆ, ತಾಯಿಯ ಕಲ್ಲಿದೆ. ಮಕ್ಕಳಿಗೆ ಜಡ್ಡಾದರೆ ಹೆಂಗಸರು ಶುಕ್ರವಾರ ಹಸಿರು ಬಳೆ ಒಯ್ದು ಅದರ ಮುಂದಿಟ್ಟು, ನೀರು ತಂದು ಕುಡಿಸುತ್ತಾರೆ. ನಮ್ಮದು ಮುಟ್ಟಿಸಿಕೊಳ್ಳದವರ ಓಣಿ, ನಾವು ಇಳಿಯುವಂತಿರಲಿಲ್ಲ. ಮೇಲೆ ಹುಣಸೆಮರದ ಕೆಳಗಿನ ಬಂಡೆಯ ಮೇಲೆ ಬಳೆ ಇಟ್ಟು ದೂರ ನಿಲ್ಲಬೇಕು. ಪೂಜೆಯ ಮುದುಕಿ ಅವನ್ನು ಎತ್ತಿಕೊಂಡು ಇಳಿದು ಹೋಗಿ, ನೀರು ತಂದು ನಮ್ಮ ಕೊಡಕ್ಕೆ ಮೇಲಿನಿಂದ ಸುರಿಯುತ್ತಿದ್ದಳು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನನ್ನ ತಂಗಿಗೆ ಜ್ವರ ಬಂತು. ಅವ್ವ ಅವಳ ಅಳತೆಯ ಪುಟ್ಟ ಬಳೆಗಳಿಗೆ ಕೆಂಪು ದಾರ ಕಟ್ಟಿ ಕೊಟ್ಟು ಬಂದಳು. ತಂಗಿ ಉಳಿಯಲಿಲ್ಲ. ಅವ್ವ ಒಂದೇ ಮಾತು ಹಿಡಿದು ಅಳು ನಿಲ್ಲಿಸಿದಳು: “ತಾಯಿಗೆ ಮುಟ್ಟಿಸೀನಿ. ಆಕಿಗೆ ಬೇಕಾಗಿತ್ತು, ಕರ್ಕೊಂಡ್ಳು.” ಆಮೇಲೂ ಆಕೆ ಶುಕ್ರವಾರ ಬಿಡಲಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ತಿಂಗಳಾಗಿತ್ತು. ತಾಲೂಕಿನ ಅಧಿಕಾರಿ ಬಂದು, ಬಾವಿ ಎಲ್ಲರದು, ತಡೆದವರಿಗೆ ಜೈಲು ಎಂದು ಡಂಗುರ ಹೊಡೆಸಿ ಹೋದರು. ಮರುದಿನ ಅವ್ವ ಬಂಡೆಯ ಹತ್ತಿರವೇ ನಿಂತು ನನ್ನನ್ನು ಕಳಿಸಿದಳು.

“ನಿನ್ನ ತಂಗಿ ಬಳೆ ತಾಯಿ ಮುಂದ ಅದಾವೇನ ನೋಡ್ಕೊಂಡು ಬಾ.”

ನಾನು ಮೆಟ್ಟಿಲುಗಳನ್ನು ಬಾಯಿಬಿಟ್ಟು ಎಣಿಸುತ್ತ ಇಳಿದೆ. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಕೂಗಿದ: “ಏನ್ರಿ ಸಾಹೇಬ್ರ, ಬಾಂವಿ ಸರ್ವೇ ಮಾಡಾಕತ್ತೀರೇನು? ಪಟ್ಟಾ ಯಾರ ಹೆಸರಿಗಿ ಬರ್ಕೋತೀರಿ?” ಪಕ್ಕದವರು ನಕ್ಕರು. ಯಾರೂ ತಡೆಯಲಿಲ್ಲ.

ತಾಯಿಯ ಮುಂದೆ ಬಳೆಗಳ ರಾಶಿಯಿತ್ತು. ದಾರ ಕಟ್ಟಿದ್ದು ಇರಲಿಲ್ಲ. ಅಲ್ಲೇ ಕುಳಿತಿದ್ದ ಪೂಜೆಯ ಮುದುಕಿಯನ್ನು ಕೇಳಿದೆ. ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಓಣಿವು ಇಲ್ಲಿತನ ಬರ್ತಿದ್ದಿಲ್ಲೋ ತಮ್ಮ. ಹಿರ್ಯಾರು ಬ್ಯಾಡ ಅಂದಿದ್ರು. ಮ್ಯಾಲ ಗೂಡಿನ್ಯಾಗ ಅದಾವ ನೋಡು. ಒಂದೂ ಹೊರಗ ಒಗದಿಲ್ಲ ನಾ.”

“ನೀರು?”

“ನೀರು ಇಲ್ಲಿದೇ ಕೊಟ್ಟೀನಿ. ತಾಯಿ ಆಣಿ.”

ಗೂಡು ಮೇಲಿನಿಂದ ನಾಲ್ಕನೆಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿತ್ತು. ಇಳಿಯುವಾಗ ಅದನ್ನು ದಾಟಿಯೇ ಹೋಗಿದ್ದೆ. ಒಳಗೆ ಧೂಳು, ಒಡೆದ ಗಾಜು, ಬಳೆ. ಪುಟ್ಟ ಬಳೆಗಳ ದಾರದ ಕೆಂಪು ಹೋಗಿತ್ತು. ಗಂಟು ಅವ್ವನದು.

ಹೊರಗೆ ಬಂದು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಕೊಡದ ಬಾಯಿ ಒರೆಸಿದಳು.

“ಹಂಗಾದ್ರ ತಾಯಿಗೆ ಗೊತ್ತೇ ಆಗಿಲ್ಲ.”

“ಕೆಳಗ ಒಯ್ದು ಇಟ್ಟು ಬರ್ಲೇನಬೇ?”

“ಈಗ್ಯಾಕ?”

ಮನೆಗೆ ಬಂದು ರೊಟ್ಟಿ ಬಡಿದಳು. ನಾನು ಉಂಡೆ. ಆ ದಿನ ಬೇರೇನೂ ನಡೆಯಲಿಲ್ಲ.

ಮುಂದಿನ ಶುಕ್ರವಾರ ಅವ್ವ ತಾನೇ ಇಳಿದಳು. ನಾಲ್ಕನೆಯ ಮೆಟ್ಟಿಲಿಗೆ ನಿಂತು, ಸೆರಗಿನಿಂದ ಗೂಡಿನ ಧೂಳು ತೆಗೆದು, ಹೊಸ ಬಳೆ ಇಟ್ಟು, ದೀಪ ಹಚ್ಚಿ ಮೇಲೆ ಬಂದಳು. ಈಗ ನಮ್ಮ ಓಣಿಯ ಹೆಂಗಸರೆಲ್ಲ ಮೊದಲು ಅಲ್ಲಿ ದೀಪ ಹಚ್ಚಿ ಆಮೇಲೆ ತಳಕ್ಕೆ ಹೋಗುತ್ತಾರೆ. ಅವ್ವ ಐದನೆಯ ಮೆಟ್ಟಿಲಿಗೆ ಇನ್ನೂ ಕಾಲಿಟ್ಟಿಲ್ಲ.

ಕಳೆದ ಬೇಸಿಗೆಯಲ್ಲಿ ಮುದುಕಿ ತೀರಿಕೊಂಡಳು. ಆಕೆಯನ್ನು ಕೇಳದೆ ಉಳಿದದ್ದೊಂದಿದೆ. ಬಳೆಗಳನ್ನು ಗೂಡಿನಲ್ಲಿಟ್ಟ ಮೇಲೆ, ಕೆಳಗೆ ಹೋಗಿ ಮಗುವಿನ ಹೆಸರನ್ನಾದರೂ ತಾಯಿಗೆ ಹೇಳುತ್ತಿದ್ದಳೇ? ಆ ಹೊತ್ತಿಗೆ ತಳದಲ್ಲಿದ್ದು ಕೇಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಕಾಗದ ಬರೆಯಿರಿ. ಅವ್ವನಿಗೆ ಓದಿ ಹೇಳುತ್ತೇನೆ.