ತಂಬಿಗೆ ನಿಲ್ಲದ ಹೊಟ್ಟೆ

ನಮ್ಮ ಮನೆಯಲ್ಲಿ ಹೊಟ್ಟೆನೋವಿಗೆ ಒಂದೇ ಔಷಧ, ಅವ್ವನ ತಾಮ್ರದ ತಂಬಿಗೆ. ಹೊಕ್ಕುಳು ಜಾರಿದರೆ ನಮ್ಮ ಕಡೆ ಬಟ್ಟಿ ಸರಿಯಿತು ಎನ್ನುತ್ತಾರೆ. ನೋವು ಬಂದವರನ್ನು ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಹಿಟ್ಟಿನ ದೀಪ ಹಚ್ಚಿಟ್ಟು ತಂಬಿಗೆ ಬೋರಲು ಹಾಕಿದರೆ ಅದು ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಅಪ್ಪನಿಗೂ ನನಗೂ ಆಗಾಗ ಜ್ವರದ ಜೊತೆ ಹೊಟ್ಟೆ ಹಿಂಡುವಂಥ ನೋವು ಬರುತ್ತಿತ್ತು. ಎರಡು ಮೂರು ದಿನಕ್ಕೆ ತಾನೇ ಹೋಗುತ್ತಿತ್ತು. ವಾಸಿ ಮಾಡಿದ ಹೆಸರು ಮಾತ್ರ ತಂಬಿಗೆಗೆ.

ನನಗೆ ನೋವು ಬಂದರೆ ಅವ್ವ ಮರುಗುತ್ತಿದ್ದಳು. ಅಪ್ಪನಿಗೆ ಬಂದರೆ ಲೆಕ್ಕವೇ ಬೇರೆ. "ನಾಟಿ ಬಂತಂದ್ರ ಇವರ ಬಟ್ಟಿ ಸರೀತೈತಿ" ಎಂದು ಸಿದ್ದಾಪುರದ ನಮ್ಮ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಜ್ವರ ಇಳಿದು ಅಪ್ಪ ಗದ್ದೆಗೆ ಹೋದರೆ ಜನ ನಗುತ್ತಿದ್ದರು. ಮೈಗಳ್ಳ ಎಂಬ ಹೆಸರು ಅಂಟಿಕೊಂಡಿತು.

ಹೋದ ವರ್ಷ ನನಗೆ ನೋವು ಬಂದಾಗ ತಂಬಿಗೆ ಹೊಟ್ಟೆಯ ಮೇಲೆ ನಿಲ್ಲಲಿಲ್ಲ. ಎಷ್ಟು ಸಲ ಇಟ್ಟರೂ ಒಂದೇ ಕಡೆ ವಾಲಿತು. ಅವ್ವ ಕೈಯಾಡಿಸಿದಳು. ಹೊಕ್ಕುಳ ಪಕ್ಕ ಏನೋ ಉಬ್ಬಿತ್ತು.

"ಇದು ಬಟ್ಟಿ ಅಲ್ಲ ಮಗಳ. ನಡಿ, ದವಾಖಾನಿಗೆ ಹೋಗೂಣು" ಎಂದಳು. ಆ ಮಾತಿಗೆ ನಾನು ಇಂದಿಗೂ ಋಣಿ.

ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿ ಗಡ್ಡೆ ಎಂದರು, ಆಪರೇಷನ್ ಮಾಡಿದರು. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಶಬ್ದ ಎತ್ತಲಿಲ್ಲ, ಊಟವೂ ಯಾರಿಗೂ ಸೇರಲಿಲ್ಲ. ಕೊನೆಗೆ ತಿಳಿಯಿತು: ನೀರುಗುಳ್ಳೆಗಳ ಗೊಂಚಲು, ಬಲು ಅಪರೂಪದ್ದು, ಕ್ಯಾನ್ಸರ್ ಅಲ್ಲ. ನಾನು ಅತ್ತುಬಿಟ್ಟೆ.

ಡಾಕ್ಟರು ಮಾತ್ರ ನನ್ನ ಜ್ವರದ ಬೆನ್ನು ಬಿಡಲಿಲ್ಲ. ಮನೆಯಲ್ಲಿ ಇನ್ಯಾರಿಗೆ ಹೀಗಾಗುತ್ತದೆ ಎಂದು ಕೇಳಿದರು. ಅವ್ವ ಅಪ್ಪನ ಕಡೆ ಕೈ ತೋರಿಸಿದಳು. ಅಪ್ಪನ ರಕ್ತವೂ ನನ್ನ ರಕ್ತವೂ ಪರೀಕ್ಷೆಗೆ ಹೋಯಿತು.

"ಇದು ವಂಶದಾಗ ಬರೋ ಬ್ಯಾನಿರಿ. ಹೊಟ್ಟಿ ಒಳಪದರ ಆಗಾಗ ಬಾತು, ತಾನ ಇಳೀತೈತಿ. ದಿನಾ ಗುಳಿಗಿ ತಗೊಂಡ್ರ ಹತೋಟಿಯೊಳಗ ಇರ್ತೈತಿ" ಎಂದರು ಡಾಕ್ಟರು. ಗಡ್ಡೆಗೂ ಅದೇ ಕಾರಣವಿರಬಹುದು, ಖಚಿತವಾಗಿ ಹೇಳಲಾಗದು ಎಂದರು.

ಅಪ್ಪ ಕೇಳಿದ್ದು ಒಂದೇ. "ಹಂಗಾದ್ರ ನಾ ಸುಳ್ಳ ಹೇಳ್ತಿದ್ದಿಲ್ಲ, ಹೌದಲ್ರಿ?"

"ಇಲ್ರಿ ಯಜಮಾನ್ರ. ನಿಮಗ ಖರೇನ ನೋವಿತ್ತು."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುಳಿಗೆ ಶುರುವಾದ ಮೇಲೆ ಅಪ್ಪನಿಗೂ ನನಗೂ ತಿಂಗಳುಗಳಿಂದ ನೋವು ಬಂದಿಲ್ಲ. ರೋಗದ ಗುಟ್ಟು ಹೊರಗೆಳೆದ ಆ ಗಡ್ಡೆಯನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಈಗ ಮತ್ತೆ ನಾಟಿ ಬಂದಿದೆ. ಬೆಳಿಗ್ಗೆ ಅವ್ವ ಅದೇ ತಂಬಿಗೆಯಲ್ಲಿ ನೀರು ತಂದು, ಅಪ್ಪನ ಅಂಗೈಗೆ ಗುಳಿಗೆ ಹಾಕಿ, ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ: "ನುಂಗ್ರಿ. ಆರಾಮ ಇಲ್ಲಂದ್ರ ಇವತ್ತ ಗದ್ದಿಗೆ ಹೋಗಬ್ಯಾಡ್ರಿ."